ಬಂಡೆಗೆ ಮದ್ದಿಟ್ಟರೆ ಗೋಡೆಯ ಬಿರುಕಿಗೆ ಹೊಣೆ ಯಾರು?

ನಮ್ಮ ಸೋದರಮಾವನ ಮನೆಯ ನಡುಮನೆ ಗೋಡೆಯಲ್ಲಿ ಒಂದು ಬಿರುಕಿದೆ. ಕಿಟಕಿಯ ಮೂಲೆಯಿಂದ ಹೊರಟು ಓರೆಯಾಗಿ ಮೇಲೇರಿ, ಅಟ್ಟದ ಹತ್ತಿರ ನಿಲ್ಲುತ್ತದೆ. ಅದು ನಿಂತ ಜಾಗಕ್ಕೆ ಮಾವ ಪೆನ್ಸಿಲಿನಲ್ಲಿ ಸಣ್ಣ ಗೆರೆ ಎಳೆದು ತಾರೀಖು ಬರೆದಿದ್ದಾರೆ. ಊರಾಚೆ ಗುಡ್ಡದಲ್ಲಿ ಕ್ವಾರಿ ಇದೆ. ಮಧ್ಯಾಹ್ನ ಊಟದ ಹೊತ್ತಿಗೆ ಸೈರನ್ ಆಗುತ್ತೆ, ಆಮೇಲೆ ಧಡ್ ಅನ್ನುತ್ತೆ, ಅಟ್ಟದ ಮೇಲಿನ ಸ್ಟೀಲ್ ಮುಚ್ಚಳಗಳೆಲ್ಲ ಗಲಗಲ ಅನ್ನುತ್ತವೆ.

"ಹೋದ್ ವರ್ಷ ಇದು ಇರ್ಲಿಲ್ಲ ಕಣಪ್ಪಾ" ಅಂತಾರೆ ಮಾವ. "ಮನೆ ಹಳೇದು, ಬಿರುಕು ಮೊದಲೇ ಇತ್ತು" ಅಂತಾರೆ ಕ್ವಾರಿಯವರು. ಇಬ್ಬರ ಹತ್ತಿರವೂ ಸಾಕ್ಷಿ ಇಲ್ಲ.

ಕರ್ನಾಟಕದ ನೂರಾರು ಊರುಗಳಲ್ಲಿ ಇದೇ ಜಗಳ ನಡೆಯುತ್ತದೆ. ಕೆ.ಆರ್.ಎಸ್. ಅಣೆಕಟ್ಟಿನ ಹತ್ತಿರ ಬೇಬಿ ಬೆಟ್ಟದ ಕಲ್ಲು ಗಣಿಯ ಗಲಾಟೆ ಆದಮೇಲಂತೂ 'ಟ್ರಯಲ್ ಬ್ಲಾಸ್ಟ್', ಅಂದರೆ ಪರೀಕ್ಷೆಗೆ ಸಿಡಿಸಿ ನೋಡೋದು, ಅನ್ನೋ ಮಾತು ಮನೆಮಾತಾಗಿದೆ. ಆದರೆ ಬಂಡೆ ಸಿಡಿಸುವುದೆಂದರೆ ಏನು, ನೆಲ ಎಷ್ಟು ಅಲುಗಿದರೆ ತಪ್ಪು, ತಪ್ಪಾದರೆ ಯಾರು ಕಟ್ಟಿಕೊಡಬೇಕು? ಮದ್ದಿನಿಂದಲೇ ಶುರು ಮಾಡೋಣ.

ಕುಳಿಯೊಳಗೆ ಏನಾಗುತ್ತೆ

ಮೊದಲು ಬಂಡೆಯಲ್ಲಿ ಕುಳಿ ಕೊರೆಯುತ್ತಾರೆ. ಸಣ್ಣ ಕ್ವಾರಿಯಲ್ಲಾದರೆ ಟ್ರ್ಯಾಕ್ಟರಿಗೆ ಕಂಪ್ರೆಸರ್ ಕಟ್ಟಿಕೊಂಡು ಕೈಯಲ್ಲಿ ಹಿಡಿಯುವ ಡ್ರಿಲ್, ದೊಡ್ಡ ಗಣಿಯಲ್ಲಾದರೆ ಚೈನಿನ ಮೇಲೆ ಓಡಾಡುವ ಯಂತ್ರ. ಕುಳಿಯ ತಳಕ್ಕೆ ಡೆಟೊನೇಟರ್, ಅಂದರೆ ಮದ್ದನ್ನು ಸಿಡಿಸುವ ಸಣ್ಣ ಕೊಳವೆ, ಸಿಕ್ಕಿಸಿದ ಮದ್ದು ಇಳಿಸುತ್ತಾರೆ. ಅದರ ಮೇಲೆ ಇನ್ನಷ್ಟು ಮದ್ದು. ಕೊನೆಗೆ ಬಾಯಿಯವರೆಗೆ ಸಣ್ಣ ಜೆಲ್ಲಿ ಅಥವಾ ಮಣ್ಣು ತುಂಬಿ ಗಟ್ಟಿ ಮಾಡುತ್ತಾರೆ. ಇದಕ್ಕೆ ಸ್ಟೆಮಿಂಗ್ ಅಂತ ಹೆಸರು.

ಡೆಟೊನೇಟರ್ ಸಿಡಿದಾಗ ಮದ್ದು ಕಣ್ಣು ಮಿಟುಕಿಸುವುದರೊಳಗೆ ಬಿಸಿ ಗ್ಯಾಸ್ ಆಗುತ್ತದೆ. ಮೊದಲು ಹೊಡೆತದ ಅಲೆ ಬಂಡೆಯಲ್ಲಿ ಸೀಳು ಮಾಡುತ್ತದೆ. ಹಿಂದೆಯೇ ಗ್ಯಾಸ್ ಆ ಸೀಳುಗಳಿಗೆ ನುಗ್ಗಿ ಕಲ್ಲನ್ನು ಮುಂದಕ್ಕೆ ತಳ್ಳುತ್ತದೆ. ಮಾಲೀಕನಿಗೆ ಬೇಕಾಗಿರುವುದು ಇಷ್ಟೇ. ಉಳಿದದ್ದೆಲ್ಲ ಪೋಲು. ಆ ಪೋಲಾದ ಶಕ್ತಿಯೇ ಊರಿಗೆ ತೊಂದರೆ ಕೊಡೋದು: ನೆಲದೊಳಗೆ ಹೋದರೆ ಅದುರು, ಗಾಳಿಗೆ ಹೋದರೆ ಸದ್ದು, ಬಾಯಿ ಕಿತ್ತುಕೊಂಡು ಬಂದರೆ ಹಾರುವ ಕಲ್ಲು.

ಅಂದಮೇಲೆ ಒಳ್ಳೆಯ ಬ್ಲಾಸ್ಟ್ ಅಂದರೆ ಸದ್ದು ಕಮ್ಮಿ ಇರುವ ಬ್ಲಾಸ್ಟ್. "ಏನ್ ಸೌಂಡ್ ಬಂತು ನೋಡು" ಅಂತ ಮೇಸ್ತ್ರಿ ಖುಷಿಪಟ್ಟರೆ, ಅವನು ಮಾಲೀಕನ ದುಡ್ಡನ್ನೇ ಗಾಳಿಗೆ ತೂರಿದ್ದಾನೆ ಅಂತ ಅರ್ಥ.

ನೆಲ ಎಷ್ಟು ಅಲುಗಿತು?

ಕೆರೆಗೆ ಕಲ್ಲು ಎಸೆಯಿರಿ. ಅಲೆ ದಡದ ಕಡೆ ಓಡುತ್ತದೆ. ನೀರಿನ ಮೇಲೆ ತೇಲುತ್ತಿರುವ ಒಣ ಎಲೆ ಮಾತ್ರ ಇದ್ದಲ್ಲೇ ಮೇಲೆ ಕೆಳಗೆ ಆಡುತ್ತದೆ. ಅಲೆ ಓಡುವ ವೇಗ ಬೇರೆ, ಎಲೆ ಆಡುವ ವೇಗ ಬೇರೆ. ಬ್ಲಾಸ್ಟಿಂಗ್‌ನಲ್ಲಿ ಅಳೆಯುವುದು ಈ ಎರಡನೆಯದನ್ನು. ಮನೆ ನಿಂತ ನೆಲ ಆಡುವಾಗ ಮುಟ್ಟಿದ ಅತಿ ಹೆಚ್ಚಿನ ವೇಗ ಸೆಕೆಂಡಿಗೆ ಎಷ್ಟು ಮಿಲಿಮೀಟರ್? ಇದನ್ನು ಪೀಕ್ ಪಾರ್ಟಿಕಲ್ ವೆಲಾಸಿಟಿ, ಚಿಕ್ಕದಾಗಿ ಪಿಪಿವಿ ಅನ್ನುತ್ತಾರೆ. ಅಳೆಯುವ ಯಂತ್ರ ಟಿಫಿನ್ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಮನೆಯ ಪಾಯದ ಪಕ್ಕ ಗಟ್ಟಿ ನೆಲದಲ್ಲಿ ಅದರ ಸೆನ್ಸರನ್ನು ಊರಿ, ಮೇಲೆ ಮರಳುಚೀಲ ಹೇರುತ್ತಾರೆ. ಸಡಿಲ ಮಣ್ಣಿನ ಮೇಲೆ ಸುಮ್ನೆ ಇಟ್ಟರೆ ಯಂತ್ರವೇ ಕುಣಿದು ತಪ್ಪು ಲೆಕ್ಕ ಕೊಡುತ್ತದೆ.

ಇನ್ನೊಂದು ಅಳತೆ ಹರ್ಟ್ಸ್. ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಡಿತು ಅನ್ನೋದು. ಜೋಕಾಲಿ ನೆನಪು ಮಾಡಿಕೊಳ್ಳಿ. ಅದು ಬರುವ ಹೊತ್ತಿಗೆ ಸರಿಯಾಗಿ ತಳ್ಳಿದರೆ ಚಿಕ್ಕ ಮಗು ತಳ್ಳಿದರೂ ಮೇಲಕ್ಕೇರುತ್ತದೆ. ಹೊತ್ತು ತಪ್ಪಿ ತಳ್ಳಿದರೆ ಎಷ್ಟು ಬಲ ಹಾಕಿದರೂ ದಂಡ. ಮನೆಗಳಿಗೂ ತಮ್ಮದೇ ಆದ ತೂಗಾಟದ ಲಯ ಇದೆ. ಒಂದೆರಡು ಅಂತಸ್ತಿನ ಮನೆಗೆ ಅದು ನಿಧಾನದ ಲಯ. ಹಾಗಾಗಿ ನಿಧಾನವಾಗಿ ಆಡುವ ಅದುರು ಮನೆಗೆ ಹೆಚ್ಚು ಅಪಾಯ, ಸರಸರನೆ ಆಡುವ ಅದುರು ಕಮ್ಮಿ ಅಪಾಯ.

ಗಣಿ ಸುರಕ್ಷತೆಯನ್ನು ನೋಡಿಕೊಳ್ಳುವ ಕೇಂದ್ರದ ಇಲಾಖೆ ಧನಬಾದ್‌ನಲ್ಲಿದೆ. ಹೆಸರು ಡಿಜಿಎಂಎಸ್. 1997ರಲ್ಲಿ ಅದು ಹೊರಡಿಸಿದ 7ನೇ ತಾಂತ್ರಿಕ ಸುತ್ತೋಲೆಯೇ ಇವತ್ತಿಗೂ ದೇಶದಲ್ಲಿ ಇದರ ಅಳತೆಗೋಲು. ಗಣಿ ಮಾಲೀಕನದ್ದಲ್ಲದ ವಾಸದ ಮನೆ ಹತ್ತಿರ ಅದುರು 8 ಹರ್ಟ್ಸ್‌ಗಿಂತ ನಿಧಾನವಾಗಿದ್ದರೆ ಸೆಕೆಂಡಿಗೆ 5 ಮಿ.ಮೀ. ದಾಟಬಾರದು. 8ರಿಂದ 25 ಹರ್ಟ್ಸ್ ಇದ್ದರೆ 10 ಮಿ.ಮೀ. ಅದಕ್ಕೂ ಮೇಲಾದರೆ 15 ಮಿ.ಮೀ. ಹಳೆಯ ಸ್ಮಾರಕ, ಸೂಕ್ಷ್ಮ ಕಟ್ಟಡಗಳಿಗೆ ಮಿತಿ ಇನ್ನೂ ಬಿಗಿ: ಕ್ರಮವಾಗಿ 2, 5, 10. ಗಣಿ ಮಾಲೀಕನ ಸ್ವಂತ ಕಟ್ಟಡಕ್ಕಾದರೆ ಸಡಿಲ. ಅವನ ಗೋಡೆ ಅವನ ಇಷ್ಟ, ಅಲ್ವಾ?

ಇಲ್ಲಿ ಎರಡೂ ಕಡೆಯವರಿಗೆ ಹಿಡಿಸದ ಒಂದು ಸಂಗತಿ ಇದೆ. ಮನುಷ್ಯನ ಮೈಗೆ ಸೆಕೆಂಡಿಗೆ ಅರ್ಧ ಮಿಲಿಮೀಟರಿನ ಅದುರೂ ಗೊತ್ತಾಗುತ್ತದೆ. ಅಂದರೆ ಮನೆಗೆ ಹಾಕಿರುವ 5 ಮಿ.ಮೀ. ಮಿತಿಯ ಹತ್ತನೇ ಒಂದು ಪಾಲಿಗೇ ನಮಗೆ "ನೆಲ ನಡುಗಿತು" ಅನ್ನಿಸುತ್ತದೆ. ಅದರ ಜೊತೆಗೆ ಸದ್ದು ಬೇರೆ. ಮಾವನ ಅಟ್ಟದ ಮುಚ್ಚಳ ಗಲಗಲ ಅನ್ನೋದು ಎಷ್ಟೋ ಸಲ ನೆಲದಿಂದಲ್ಲ, ಗಾಳಿಯಲ್ಲಿ ಬಂದ ಒತ್ತಡ ಕಿಟಕಿ ಬಾಗಿಲನ್ನು ತಳ್ಳೋದರಿಂದ. ಮಾವನಿಗೆ ಅನ್ನಿಸಿದ್ದು ಸುಳ್ಳಲ್ಲ. ಆದರೆ ಅನ್ನಿಸಿದ್ದೇ ಬಿರುಕಿಗೆ ಸಾಕ್ಷಿಯಾಗಲ್ಲ.

ಬಿರುಕಿನ ವಿಷಯದಲ್ಲೂ ಹೀಗೇ. 1980ರ ದಶಕದಲ್ಲಿ ಅಮೆರಿಕದ ಗಣಿ ಬ್ಯೂರೊ ಒಂದು ಮನೆಯ ಗೋಡೆಗಳಿಗೆ ಅಳತೆಯ ಉಪಕರಣ ಅಂಟಿಸಿ ನೋಡಿತು. ಹಗಲು ರಾತ್ರಿಯ ಬಿಸಿಲು, ತಂಪು, ತೇವದ ಏರುಪೇರಿಗೇ ಗೋಡೆ ಹಿಗ್ಗಿ ಕುಗ್ಗುತ್ತದೆ. ಆ ಎಳೆತ ಸೆಕೆಂಡಿಗೆ ಸುಮಾರು 30 ಮಿ.ಮೀ. ಅದುರಿಗೆ ಸಮ ಆಗಬಹುದು ಅಂತ ಗೊತ್ತಾಯಿತು. ನಮ್ಮ ಕಡೆ ಕಪ್ಪು ಎರೆಮಣ್ಣಿನ ಮೇಲೆ ಕಟ್ಟಿದ ಮನೆಗಳನ್ನು ನೋಡಿ. ಹತ್ತಿರದಲ್ಲಿ ಕ್ವಾರಿಯೇ ಇಲ್ಲದಿದ್ದರೂ ಬೇಸಿಗೆಗೆ ಗೋಡೆ ಬಾಯಿ ಬಿಡುತ್ತದೆ. ಹಾಗಂತ ಎಲ್ಲ ಬಿರುಕೂ ಮಣ್ಣಿನದೇ ಅಂತಲೂ ಅಲ್ಲ. ಮಿತಿ ಮೀರಿ ಮದ್ದು ತುಂಬಿದರೆ ಗೋಡೆ ಸೀಳುವುದು ಖಂಡಿತ. ಯಾವುದು ಯಾವುದು ಅಂತ ಬೇರೆ ಮಾಡಲು ಅಳತೆ ಬೇಕು.

ಹತ್ತು ಜನ ಒಟ್ಟಿಗೆ ಧುಮುಕಿದರೆ

ಅಟ್ಟದಿಂದ ಹತ್ತು ಜನ ಒಟ್ಟಿಗೆ ಧುಮುಕಿದರೆ ಮನೆಯೆಲ್ಲ ಅದುರುತ್ತದೆ. ಒಬ್ಬರಾದ ಮೇಲೆ ಒಬ್ಬರು ಧುಮುಕಿದರೆ ಧಪ್ ಧಪ್ ಅನ್ನುತ್ತದೆ, ಅಷ್ಟೇ. ಬ್ಲಾಸ್ಟಿಂಗ್‌ನಲ್ಲಿ ಅದುರು ಕಡಿಮೆ ಮಾಡುವ ದೊಡ್ಡ ಉಪಾಯ ಇದೇ. ಎಲ್ಲ ಕುಳಿಯನ್ನೂ ಒಂದೇ ಕ್ಷಣಕ್ಕೆ ಸಿಡಿಸದೆ, ಒಂದರಿಂದ ಒಂದಕ್ಕೆ 17 ಅಥವಾ 25 ಮಿಲಿಸೆಕೆಂಡ್ ಬಿಟ್ಟು ಸಿಡಿಸುತ್ತಾರೆ. ನಮ್ಮ ಕಿವಿಗೆ ಅದೂ ಒಂದೇ ಧಡ್. ನೆಲಕ್ಕೆ ಮಾತ್ರ ಹತ್ತು ಬೇರೆ ಬೇರೆ ಹೊಡೆತ. ಸಾಮಾನ್ಯವಾಗಿ 8 ಮಿಲಿಸೆಕೆಂಡ್ ಅಂತರ ಇದ್ದರೆ ಅವನ್ನು ಬೇರೆ ಹೊಡೆತ ಅಂತ ಲೆಕ್ಕಕ್ಕೆ ಹಿಡಿಯುತ್ತಾರೆ.

ಹಾಗಾಗಿ ಒಟ್ಟು ಎಷ್ಟು ಕಿಲೋ ಮದ್ದು ಅನ್ನೋದಕ್ಕಿಂತ, ಒಂದು ಕ್ಷಣಕ್ಕೆ ಎಷ್ಟು ಕಿಲೋ ಅನ್ನೋದು ಮುಖ್ಯ. ಇದಕ್ಕೊಂದು ಸರಳ ಲೆಕ್ಕ ಇದೆ. ಮನೆಗೆ ಇರುವ ದೂರವನ್ನು ಆ ಕಿಲೋದ ವರ್ಗಮೂಲದಿಂದ ಭಾಗಿಸಬೇಕು. 250 ಮೀಟರ್ ದೂರ, 25 ಕಿಲೋ ಮದ್ದು ಅಂದುಕೊಳ್ಳಿ. 25ರ ವರ್ಗಮೂಲ 5. 250ನ್ನು 5ರಿಂದ ಭಾಗಿಸಿದರೆ 50. ಈ ಸಂಖ್ಯೆ ದೊಡ್ಡದಿದ್ದಷ್ಟೂ ಮನೆಗೆ ಕ್ಷೇಮ. ಅಂಥ ಹತ್ತು ಕುಳಿಯನ್ನು ಒಟ್ಟಿಗೆ ಸಿಡಿಸಿದರೆ ಮದ್ದು 250 ಕಿಲೋ, ವರ್ಗಮೂಲ ಹತ್ತಿರ ಹತ್ತಿರ 16. ಆಗ ಉತ್ತರ 16ಕ್ಕೂ ಕಮ್ಮಿ. ರೂಢಿಯ ಸೂತ್ರದಲ್ಲಿ ನೋಡಿದರೆ ಅದುರು ಸುಮಾರು 6 ಪಟ್ಟು ಜಾಸ್ತಿ. ಅದೇ ಗುಡ್ಡ, ಅದೇ ಮದ್ದು, ಅದೇ ಮನೆ. ಬದಲಾದದ್ದು ಸೆಕೆಂಡಿನ ಒಂದು ಚೂರು ಮಾತ್ರ.

ಒಂದೊಂದಾಗಿ ಸಿಡಿಸುವ ಕೆಲಸಕ್ಕೆ ಹಿಂದೆ ತಂತಿ ಎಳೆದು ಕರೆಂಟು ಕೊಡುವ ಡೆಟೊನೇಟರನ್ನೇ ಹೆಚ್ಚಾಗಿ ಬಳಸುತ್ತಿದ್ದರು. ದುರ್ಬಳಕೆಯ ಭಯವೂ ಇತ್ತು, ಮಿಂಚು ಅಥವಾ ಬಿಡಿ ಕರೆಂಟಿಗೆ ತಾನಾಗಿ ಸಿಡಿಯುವ ಅಪಾಯವೂ ಇತ್ತು. 2025ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರ ಅವನ್ನು ನಿಷೇಧಿಸಿದೆ. ಈಗ ಕರೆಂಟಿನ ತಂತಿಯ ಬದಲು ಶಾಕ್ ಟ್ಯೂಬ್ ಅನ್ನುವ ಸಣ್ಣ ಕೊಳವೆ ಇರುವ ನಾನೆಲ್, ಅಥವಾ ಚಿಪ್ ಇರುವ ಎಲೆಕ್ಟ್ರಾನಿಕ್ ಡೆಟೊನೇಟರ್. ಎಲೆಕ್ಟ್ರಾನಿಕ್ ದುಬಾರಿ. ಆದರೆ ಹೊತ್ತನ್ನು ಮಿಲಿಸೆಕೆಂಡಿನ ಲೆಕ್ಕದಲ್ಲಿ ಪಾಲಿಸುತ್ತದೆ. ಯಾವ ಕುಳಿ ಯಾವಾಗ ಸಿಡಿಯಿತು ಅನ್ನೋ ದಾಖಲೆ ಕೂಡ ಅದರ ಯಂತ್ರದಲ್ಲಿ ಉಳಿಯುತ್ತದೆ.

ಹಾರುವ ಕಲ್ಲು, ಸಿಡಿಯದ ಕುಳಿ

ಅದುರಿನಿಂದ ಗೋಡೆ ಹೋಗಬಹುದು. ಜೀವ ಹೋಗುವುದು ಹೆಚ್ಚಾಗಿ ಹಾರುವ ಕಲ್ಲಿನಿಂದ. ಗೋಲಿ ಸೋಡಾ ನೆನಪಿದೆಯಾ? ಗೋಲಿ ಬಿಗಿಯಾಗಿ ಕೂತಿರುವವರೆಗೆ ಗ್ಯಾಸ್ ಒಳಗೇ ಇರುತ್ತದೆ. ಕುಳಿಯ ಬಾಯಿಗೆ ತುಂಬುವ ಸ್ಟೆಮಿಂಗ್ ಆ ಗೋಲಿಯ ಕೆಲಸ ಮಾಡುತ್ತದೆ. ಕೊರೆದಾಗ ಬಂದ ಪುಡಿಯನ್ನೇ ನಾಲ್ಕು ಹಿಡಿ ಸುರಿದು "ಆಯ್ತು" ಅಂದರೆ, ಗ್ಯಾಸ್ ಬಂಡೆ ಒಡೆಯೋ ಬದಲು ಬಾಯಿಂದಲೇ ಹೊರಗೆ ಚಿಮ್ಮುತ್ತದೆ, ಕಲ್ಲನ್ನೂ ಹೊತ್ತುಕೊಂಡು. ಮೂಲೆಗಳಿರುವ ಸಣ್ಣ ಜೆಲ್ಲಿ ತುಂಬಿದರೆ ಒಂದಕ್ಕೊಂದು ಸಿಕ್ಕಿಕೊಂಡು ಹಿಡಿದು ನಿಲ್ಲುತ್ತದೆ. ಜೆಲ್ಲಿ ಮಾಡುವ ಕ್ವಾರಿಯಲ್ಲೇ ಜೆಲ್ಲಿ ಉಳಿಸಲು ಹೋಗಿ ಅಪಾಯ ತಂದುಕೊಳ್ಳೋದು ವಿಚಿತ್ರ ಅನ್ನಿಸುತ್ತೆ. ಆದರೆ ನಡೆಯೋದು ಹಾಗೇ.

ಇದಕ್ಕಾಗಿಯೇ ಅಪಾಯ ವಲಯ ಅಂತ ಒಂದಿದೆ. 1961ರ ಲೋಹ ಗಣಿ ನಿಯಮಗಳು ಕಲ್ಲು ಕ್ವಾರಿಗೂ ಅನ್ವಯಿಸುತ್ತವೆ. ಅವು ಮೂಲದಲ್ಲಿ ಗುರುತಿಸಿದ್ದು ಸಿಡಿಸುವ ಜಾಗದ ಸುತ್ತ 300 ಮೀಟರ್. 2017ರ ಕಲ್ಲಿದ್ದಲು ಗಣಿ ನಿಯಮಗಳಲ್ಲಿ ಅದು 500 ಮೀಟರ್. ಆ ಸುತ್ತಿನೊಳಗೆ ಬೇರೆಯವರ ಮನೆ, ರಸ್ತೆ ಇದ್ದರೆ ಸುಮ್ನೆ ಸಿಡಿಸುವಂತಿಲ್ಲ. ಡಿಜಿಎಂಎಸ್ ಅನುಮತಿ ಬೇಕು, ಅದು ಹಾಕುವ ಷರತ್ತುಗಳಿಗೆ ಒಪ್ಪಬೇಕು. ಕುಳಿಗಳ ಮೇಲೆ ಕಬ್ಬಿಣದ ಜಾಲರಿ ಹಾಸಿ, ಹಳೇ ಕನ್ವೇಯರ್ ಬೆಲ್ಟ್ ಹೊದಿಸಿ, ಮರಳುಚೀಲ ಹೇರಿ ಸಿಡಿಸುವುದು ಇಂಥ ಕಡೆಗಳಲ್ಲಿ. ಬೆಂಗಳೂರಿನಲ್ಲಿ ಮೆಟ್ರೋದ ನೆಲದಡಿಯ ನಿಲ್ದಾಣಗಳಿಗೆ ಬಂಡೆ ಒಡೆದದ್ದೂ ಹೀಗೆ ಹೊದಿಸಿ, ಸ್ವಲ್ಪ ಸ್ವಲ್ಪವೇ ಮದ್ದಿಟ್ಟು.

ಪರಿಸರದ ಕಡೆಯಿಂದ ಬರುವ ದೂರದ ಲೆಕ್ಕ ಬೇರೆ. ಸಿಡಿಸುವ ಕ್ವಾರಿ ಮನೆಗಳಿಂದ ಕನಿಷ್ಠ 200 ಮೀಟರ್ ದೂರ ಇರಬೇಕು, ಸಿಡಿಸದೆ ಕಲ್ಲು ತೆಗೆಯುವುದಾದರೆ 100 ಮೀಟರ್ ಸಾಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿತ್ತು. ಕೇರಳದಲ್ಲಿ 50 ಮೀಟರಿಗೇ ಬಿಡುತ್ತಿದ್ದರು. 2020ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದು ಸಾಲದು, 200 ಬೇಕು ಅಂದಿತು. ಕ್ವಾರಿಯವರು ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೋದರು.

ಇನ್ನೊಂದು ಅಪಾಯ ಸಿಡಿಯದೆ ಉಳಿದ ಕುಳಿ, ಅಂದರೆ ಮಿಸ್‌ಫೈರ್. ಬತ್ತಿ ಹಚ್ಚಿದ ಕುಳಿ ಸಿಡಿಯದಿದ್ದರೆ ಅರ್ಧ ಗಂಟೆ ಯಾರೂ ಹತ್ತಿರ ಹೋಗುವಂತಿಲ್ಲ. ಆ ಕುಳಿಯಿಂದ ಮದ್ದು ಕೆದಕಿ ತೆಗೆಯುವಂತಿಲ್ಲ. ಕನಿಷ್ಠ 30 ಸೆಂ.ಮೀ. ದೂರದಲ್ಲಿ ಇನ್ನೊಂದು ಕುಳಿ ಕೊರೆದು, ಅದನ್ನು ಸಿಡಿಸಿ ಇದನ್ನು ಕಳೆಯಬೇಕು. ಹಳೇ ಕುಳಿಯಲ್ಲೇ ಮತ್ತೆ ಡ್ರಿಲ್ ಇಳಿಸಿದರೆ ತಳದಲ್ಲಿ ಉಳಿದ ಮದ್ದಿಗೆ ತಗಲುತ್ತದೆ. ಹಾಗೆ ಸತ್ತವರು ಎಷ್ಟೋ ಮಂದಿ.

ಹೊಣೆ ಅಂದರೆ ಒಂದಲ್ಲ, ಮೂರು

"ಕೇಸು ಬೀಳುತ್ತೆ" ಅಂತ ಒಂದೇ ಮಾತಲ್ಲಿ ಹೇಳುತ್ತೇವೆ. ನಿಜಕ್ಕೂ ಮೂರು ಬೇರೆ ಬೇರೆ ದಾರಿಗಳಿವೆ. ಒಂದರಲ್ಲಿ ಬಿಡುಗಡೆ ಸಿಕ್ಕರೂ ಇನ್ನೊಂದರಲ್ಲಿ ಸಿಕ್ಕಿಬೀಳಬಹುದು.

ಮೊದಲನೆಯದು ಪೊಲೀಸ್ ದಾರಿ. ನಿರ್ಲಕ್ಷ್ಯದಿಂದ ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ. ಹಳೆಯ ಐಪಿಸಿಯಲ್ಲಿ 2 ವರ್ಷದವರೆಗೆ ಶಿಕ್ಷೆ ಇತ್ತು. 2024ರ ಜುಲೈ 1ರಿಂದ ಅದು 5 ವರ್ಷದವರೆಗೆ. ಯಾರಿಗೂ ಗಾಯವಾಗದಿದ್ದರೂ ಸ್ಫೋಟಕವನ್ನು ಅಜಾಗರೂಕತೆಯಿಂದ ಬಳಸಿದ್ದಕ್ಕೇ 288ನೇ ಕಲಂ ಇದೆ. ಲೈಸೆನ್ಸ್ ಇಲ್ಲದೆ ಅನುಮಾನ ಬರುವಂತೆ ಮದ್ದು ಇಟ್ಟುಕೊಂಡರೆ 1908ರ ಸ್ಫೋಟಕ ವಸ್ತುಗಳ ಕಾಯ್ದೆ. ಬರೀ ಇಟ್ಟುಕೊಂಡಿದ್ದಕ್ಕೇ 10 ವರ್ಷದವರೆಗೆ ಜೈಲು.

ಎರಡನೆಯದು ಇಲಾಖೆಗಳ ದಾರಿ. ಮದ್ದು ಖರೀದಿ, ಸಾಗಣೆ, ಸಂಗ್ರಹಕ್ಕೆ 1884ರ ಸ್ಫೋಟಕ ಕಾಯ್ದೆ, 2008ರ ಸ್ಫೋಟಕ ನಿಯಮಗಳು. ನೋಡಿಕೊಳ್ಳುವುದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ ಅನ್ನುವ ಕೇಂದ್ರದ ಸ್ಫೋಟಕ ಸುರಕ್ಷತಾ ಸಂಸ್ಥೆ. ಗಣಿಯೊಳಗಿನ ಸುರಕ್ಷತೆಗೆ ಡಿಜಿಎಂಎಸ್. ಕಲ್ಲು ತೆಗೆಯುವ ಗುತ್ತಿಗೆಗೆ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಯಾರೊಬ್ಬರು ಬೇಡ ಅಂದರೂ ಕೆಲಸ ನಿಲ್ಲುತ್ತದೆ.

ಮೂರನೆಯದು ಪರಿಹಾರದ ದಾರಿ. ಇಲ್ಲೇ ಜನರಿಗೆ ಗೊಂದಲ ಜಾಸ್ತಿ. ಸಾಮಾನ್ಯವಾಗಿ ನಷ್ಟ ಕೇಳಬೇಕಾದರೆ ಎದುರಿನವನ ತಪ್ಪು ತೋರಿಸಬೇಕು. ಅಪಾಯದ ಕೆಲಸಕ್ಕೆ ಕಾನೂನು ಬೇರೆ ಮಾತು ಹೇಳುತ್ತದೆ. 1868ರಲ್ಲಿ ಇಂಗ್ಲೆಂಡಿನ ಒಂದು ತೀರ್ಪು ಬಂತು. ಒಬ್ಬ ಮಿಲ್ ಮಾಲೀಕ ಕಟ್ಟಿಸಿದ ಕೆರೆಯ ನೀರು ಪಕ್ಕದವನ ಗಣಿಗೆ ನುಗ್ಗಿತ್ತು. ಕಟ್ಟಿದ್ದು ಕಾಂಟ್ರಾಕ್ಟರ್, ಮಾಲೀಕನ ತಪ್ಪೇನೂ ಇರಲಿಲ್ಲ. ಆದರೂ ಅಪಾಯ ತಂದಿಟ್ಟುಕೊಂಡವನೇ ಹೊಣೆ ಅಂತ ಕೋರ್ಟ್ ಹೇಳಿತು. ದೆಹಲಿಯ ಓಲಿಯಂ ಗ್ಯಾಸ್ ಸೋರಿಕೆ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಅಪಾಯಕಾರಿ ಉದ್ಯಮ ನಡೆಸುವವರಿಗೆ ಯಾವ ವಿನಾಯಿತಿಯೂ ಇಲ್ಲ ಅಂದಿತು. ಇದನ್ನು ಸಂಪೂರ್ಣ ಹೊಣೆ ಅನ್ನುತ್ತಾರೆ. 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯ 17ನೇ ಕಲಮಿನಲ್ಲೂ ಇದೇ ತತ್ವ ಇದೆ. "ನಾನು ಎಲ್ಲ ಎಚ್ಚರಿಕೆ ವಹಿಸಿದ್ದೆ" ಅನ್ನೋದು ಅಲ್ಲಿ ತಪ್ಪಿಸಿಕೊಳ್ಳುವ ದಾರಿಯಲ್ಲ.

ಆದರೂ ಒಂದು ಮಾತು ಉಳಿಯುತ್ತದೆ. ತಪ್ಪು ತೋರಿಸಬೇಕಿಲ್ಲ, ನಿಜ. ಈ ಬಿರುಕು ಆ ಬ್ಲಾಸ್ಟಿನಿಂದಲೇ ಆಯಿತು ಅನ್ನೋದನ್ನು ತೋರಿಸಲೇಬೇಕು. ಮಾವನ ಕೇಸು ನಿಂತಿರುವುದು ಇಲ್ಲೇ.

'ಕಾಂಟ್ರಾಕ್ಟರ್‌ಗೆ ಕೊಟ್ಟಿದ್ದೀನಿ'

ಇದು ಕ್ವಾರಿಗೆ ಮಾತ್ರ ಸೇರಿದ ವಿಷಯ ಅಂದುಕೊಳ್ಳಬೇಡಿ. ಮನೆ ಕಟ್ಟೋಕೆ ಸೈಟು ಅಗೆಯುವಾಗ ಬಂಡೆ ಸಿಗುತ್ತೆ. ಬಾವಿ ತೋಡುವಾಗ ಸಿಗುತ್ತೆ. ಯಾರೋ ಪರಿಚಯದವರು ಕಂಪ್ರೆಸರ್ ಟ್ರ್ಯಾಕ್ಟರ್ ಕಳಿಸುತ್ತಾರೆ. ಸಂಜೆಗೆ ಮದ್ದಿಟ್ಟು ಒಡೆದುಕೊಟ್ಟು ದುಡ್ಡು ತಗೊಂಡು ಹೋಗುತ್ತಾರೆ. ಪಕ್ಕದ ಮನೆಯ ಗಾಜು ಒಡೆದರೆ, ಅಥವಾ ರಸ್ತೆಯಲ್ಲಿ ಹೋಗುವವರಿಗೆ ಕಲ್ಲು ಬಿದ್ದರೆ, "ನನಗೇನು ಗೊತ್ತು, ಅವನಿಗೆ ಕಾಂಟ್ರಾಕ್ಟ್ ಕೊಟ್ಟಿದ್ದೆ" ಅನ್ನೋ ಮಾತು ನಡೆಯಲ್ಲ. ಅಪಾಯದ ಕೆಲಸ ಮಾಡಿಸಿದವರ ಹೊಣೆ ಬರೀ ಒಪ್ಪಂದದಿಂದ ಕಳಚಿಕೊಳ್ಳುವುದಿಲ್ಲ. ನಷ್ಟವನ್ನು ಕಾಂಟ್ರಾಕ್ಟರೇ ಭರಿಸಬೇಕು ಅಂತ ಬರೆಸಿಕೊಂಡಿದ್ದರೆ, ಆಮೇಲೆ ಅವನಿಂದ ವಸೂಲಿ ಮಾಡಿಕೊಳ್ಳಬಹುದು, ಅಷ್ಟೇ. ಪೆಟ್ಟು ತಿಂದವರಿಗೆ ಆ ಕಾಗದದ ಹಂಗಿಲ್ಲ.

ಬಂದವನ ಹತ್ತಿರ ಲೈಸೆನ್ಸ್ ಕೇಳಿ. ಮದ್ದಿಡುವವನಿಗೆ ಅದರ ಪರವಾನಗಿ ಇದೆಯಾ ನೋಡಿ. ಮದ್ದು ಎಲ್ಲಿಂದ ಬಂತು ಅಂತ ಕೇಳಿ. ಬೈಕಿನ ಡಿಕ್ಕಿಯಲ್ಲಿ ಬಂದಿದ್ದರೆ ಅಲ್ಲೇ ನಿಲ್ಲಿಸಿಬಿಡಿ. ಸಣ್ಣ ಬಂಡೆಗೆ ಮದ್ದೇ ಬೇಕಾಗಿಲ್ಲ. ಬ್ರೇಕರ್ ಹಚ್ಚಿದ ಹಿಟಾಚಿ ಇದೆ. ಕುಳಿಗೆ ಸುರಿದರೆ ಉಬ್ಬಿ ಬಂಡೆ ಸೀಳುವ ರಾಸಾಯನಿಕ ಪುಡಿ ಇದೆ. ನಿಧಾನ, ಖರ್ಚು ಜಾಸ್ತಿ. ಆದರೆ ಪಕ್ಕದ ಮನೆಯವರ ನಿದ್ದೆ ಕೆಡಲ್ಲ.

ಸಿಡಿಸದೇ ಇದ್ದಾಗಲೇ ಸಿಡಿದದ್ದು

ನಮ್ಮ ರಾಜ್ಯದ ಎರಡು ದೊಡ್ಡ ದುರಂತ ನಡೆದದ್ದು ಬಂಡೆ ಸಿಡಿಸುವಾಗಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರ ಹುಣಸೋಡಿನಲ್ಲಿ ಲಾರಿಯಲ್ಲಿದ್ದ ಸ್ಫೋಟಕ ಸಿಡಿಯಿತು. ಕನಿಷ್ಠ 5 ಮಂದಿ ಸತ್ತರು. ದೂರದ ಊರುಗಳವರು ಕೂಡ ಭೂಕಂಪ ಅಂದುಕೊಂಡು ಮನೆಯಿಂದ ಆಚೆ ಓಡಿ ಬಂದಿದ್ದರು. ಅದಾಗಿ ತಿಂಗಳು ಕಳೆಯುತ್ತಿದ್ದ ಹಾಗೆ, ಫೆಬ್ರವರಿ 23ರ ಹೊತ್ತಿಗೆ, ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು 6 ಮಂದಿ ಸತ್ತರು. ಅಲ್ಲಿ ಮದ್ದನ್ನು ಬಚ್ಚಿಡಲು, ವಿಲೇವಾರಿ ಮಾಡಲು ಹೊರಟಿದ್ದರು.

ನಿಯಮದ ಪ್ರಕಾರ ಮದ್ದು ಇರಬೇಕಾದದ್ದು ಮ್ಯಾಗಜಿನ್ ಅನ್ನುವ ಲೈಸೆನ್ಸ್ ಇರುವ ಗೋದಾಮಿನಲ್ಲಿ. ಬರಬೇಕಾದದ್ದು ಪೆಸೊ ಒಪ್ಪಿದ ವ್ಯಾನಿನಲ್ಲಿ. ಡೆಟೊನೇಟರ್ ಮತ್ತು ಮದ್ದು ಒಂದೇ ಕಡೆ ಸೇರುವಂತಿಲ್ಲ. ಬೆಂಕಿಕಡ್ಡಿಯನ್ನು ಸೀಮೆಎಣ್ಣೆ ಡಬ್ಬದ ಮೇಲೆ ಯಾರಾದರೂ ಇಡ್ತಾರಾ? ತಂದದ್ದು ಎಷ್ಟು, ಬಳಸಿದ್ದು ಎಷ್ಟು, ಉಳಿದದ್ದು ಎಷ್ಟು ಅನ್ನೋದಕ್ಕೆ ರಿಜಿಸ್ಟರ್ ಇರಬೇಕು. ತನಿಖೆಗೆ ಬಂದವರು ಮೊದಲು ಕೇಳುವುದೂ ಅದನ್ನೇ. ಇನ್ಶೂರೆನ್ಸ್ ಕಂಪನಿಯೂ ಅಷ್ಟೇ. ಲೈಸೆನ್ಸಿನ ಷರತ್ತು ಮೀರಿದ್ದರೆ ಪಾಲಿಸಿ ಇದ್ದರೂ ದುಡ್ಡು ಬರುವುದು ಕಷ್ಟ.

ಕೆ.ಆರ್.ಎಸ್. ಯಾಕೆ ಬೇರೆ

ಬೇಬಿ ಬೆಟ್ಟದ ವಿಷಯ ಇಷ್ಟು ದೊಡ್ಡದಾದದ್ದು ಯಾಕೆ ಅಂತ ಈಗ ಅರ್ಥ ಮಾಡಿಕೊಳ್ಳುವುದು ಸುಲಭ. ಕೆ.ಆರ್.ಎಸ್. 1911ರಲ್ಲಿ ಶುರುವಾದ ಕಟ್ಟೆ. ಕಲ್ಲಿನ ಕಟ್ಟಡಕ್ಕೆ ಸುರ್ಕಿ ಗಾರೆ, ಅಂದರೆ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಗಾರೆ. ತುಂಬಿದಾಗ 124.80 ಅಡಿ ಮಟ್ಟದ ನೀರು ಅದರ ಬೆನ್ನಿಗೆ ಒರಗುತ್ತದೆ. ಮನೆಗೆ ಹಾಕುವ ಮಿತಿಯನ್ನು ಇದಕ್ಕೆ ಹಾಕಲಾಗದು.

ವಿಜ್ಞಾನಿಗಳು ಬಂದು ಟ್ರಯಲ್ ಬ್ಲಾಸ್ಟ್ ಮಾಡಿ ನೋಡುತ್ತೇವೆ ಅಂದಾಗ 2022ರಲ್ಲಿ ರೈತರು ಅಡ್ಡ ನಿಂತರು. ಟ್ರಯಲ್ ಬ್ಲಾಸ್ಟ್ ಅಂದರೆ ಕಮ್ಮಿ ಮದ್ದಿನಿಂದ ಶುರು ಮಾಡಿ, ಬೇರೆ ಬೇರೆ ದೂರದಲ್ಲಿ ಅಳೆದು, ಆ ಜಾಗದ ಬಂಡೆ ಅದುರನ್ನು ಎಷ್ಟು ದೂರ ಒಯ್ಯುತ್ತದೆ ಅನ್ನೋ ಸೂತ್ರ ಕಂಡುಹಿಡಿಯುವುದು. ಪ್ರತಿ ಗುಡ್ಡಕ್ಕೂ ಆ ಸೂತ್ರ ಬೇರೆ. ವಿಜ್ಞಾನದ ಲೆಕ್ಕದಲ್ಲಿ ಅದು ಸರಿಯಾದ ದಾರಿಯೇ. "ಪರೀಕ್ಷೆ ನೆಪದಲ್ಲಿ ಗಣಿಗೆ ಬಾಗಿಲು ತೆಗೀತೀರಿ" ಅನ್ನೋದು ರೈತರ ಅಳುಕು. ಆ ಅಳುಕಿಗೂ ಕಾರಣ ಇತ್ತು. 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟಿನ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆ ಬೇಡ ಅಂತ ಆದೇಶಿಸಿತು. ಮಿಲಿಮೀಟರಿನ ಲೆಕ್ಕ ಮುಗಿಯುವವರೆಗೆ ಕಾಯದೆ ಮೊದಲು ಎಚ್ಚರಿಕೆ ವಹಿಸುವ ದಾರಿ ಅದು.

ಮೊದಲೇ ತೆಗೆದ ಫೋಟೊ

ಮತ್ತೆ ಮಾವನ ಗೋಡೆಗೆ ಬರೋಣ. ಬ್ಲಾಸ್ಟಿಂಗ್ ಕೇಸುಗಳಲ್ಲಿ ಸೋಲು ಗೆಲುವು ಹೆಚ್ಚಾಗಿ ತೀರ್ಮಾನವಾಗುವುದು ಮೊದಲ ಕುಳಿ ಕೊರೆಯುವ ಮುಂಚೆ. ಕೆಲಸ ಶುರುವಾಗುವ ಮೊದಲು ಸುತ್ತಲಿನ ಪ್ರತಿ ಮನೆಗೂ ಹೋಗಿ, ಗೋಡೆ, ಛಾವಣಿ, ನೆಲ, ಬಾವಿಯ ಸ್ಥಿತಿಯನ್ನು ಬರೆದು, ತಾರೀಖಿರುವ ಫೋಟೊ ತೆಗೆದು, ಇದ್ದ ಬಿರುಕಿನ ಉದ್ದ ಅಗಲ ಅಳೆದಿಡುವುದು. ಇದನ್ನು ಪ್ರಿ-ಬ್ಲಾಸ್ಟ್ ಸರ್ವೆ ಅನ್ನುತ್ತಾರೆ. ಗಣಿಯವರಿಗೆ ಇದಕ್ಕಿಂತ ಅಗ್ಗದ ರಕ್ಷಣೆ ಇಲ್ಲ. ಊರಿನವರಿಗೂ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಅದರ ಮೇಲೆ ಪ್ರತಿ ಬ್ಲಾಸ್ಟಿನ ದಾಖಲೆ: ಎಷ್ಟು ಕುಳಿ, ಎಷ್ಟು ಆಳ, ಒಂದು ಕ್ಷಣಕ್ಕೆ ಎಷ್ಟು ಕಿಲೋ, ಎಷ್ಟು ಹೊತ್ತಿಗೆ, ಯಾರು ಸಿಡಿಸಿದರು, ಹತ್ತಿರದ ಮನೆಯಲ್ಲಿ ಯಂತ್ರ ಏನು ತೋರಿಸಿತು. ಯಂತ್ರದಲ್ಲಿ ಬಂದದ್ದು 14 ಹರ್ಟ್ಸ್‌ಗೆ 3 ಮಿ.ಮೀ. ಅಂದುಕೊಳ್ಳಿ. ಮಿತಿ 10. ಆಗ ಬಿರುಕಿಗೆ ಬೇರೆ ಕಾರಣ ಹುಡುಕಬೇಕಾಗುತ್ತದೆ. 13 ಬಂದಿದ್ದರೆ ಮಾಲೀಕನ ಬಾಯಿ ಕಟ್ಟುತ್ತದೆ. ದಾಖಲೆಯನ್ನೇ ಇಡದಿದ್ದರೆ? ಇಡಬೇಕಾದ ದಾಖಲೆಯನ್ನು ಯಾಕೆ ಇಟ್ಟಿಲ್ಲ ಅಂತ ನ್ಯಾಯಾಧೀಶರು ಕೇಳಿದರೆ ಹೇಳಲು ಏನೂ ಇರುವುದಿಲ್ಲ.

ಊರಿನವರು ತಾವೇ ಮಾಡಬಹುದಾದದ್ದೂ ಇದೆ. ಬಿರುಕಿನ ಪಕ್ಕ ಸ್ಕೇಲ್ ಹಿಡಿದು ಫೋಟೊ ತೆಗೆಯಿರಿ. ತುದಿಗೆ ಪೆನ್ಸಿಲ್ ಗೆರೆ ಹಾಕಿ. ಒಳಗೆ ಜೇಡರ ಬಲೆ, ಸುಣ್ಣ, ಧೂಳು ಇದ್ದರೆ ಅದು ಹಳೆಯ ಬಿರುಕು. ಅಂಚು ಚೂಪಾಗಿ, ಒಳಗೆ ಸ್ವಚ್ಛವಾಗಿದ್ದರೆ ಹೊಸದು. ಬ್ಲಾಸ್ಟ್ ಆದ ದಿನ, ಹೊತ್ತು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ದೂರು ಕೊಡುವಾಗ "ದಿನಾ ಸಿಡಿಸ್ತಾರೆ" ಅನ್ನೋದಕ್ಕಿಂತ ಹೊತ್ತು, ತಾರೀಖು ಸಮೇತ ಇಪ್ಪತ್ತು ಸಾಲು ಕೊಟ್ಟರೆ ಅಧಿಕಾರಿಯೂ ನಿಂತು ಓದುತ್ತಾರೆ. ಅಳೆಯುವ ಯಂತ್ರ ನಮ್ಮ ಮನೆ ಹತ್ತಿರ ಇಡಿ ಅಂತ ಗಣಿ ಇಲಾಖೆಗೆ, ಡಿಜಿಎಂಎಸ್‌ಗೆ ಬರೆದು ಕೇಳಿ. ಇಟ್ಟ ದಿನ ಮಾತ್ರ ಕಮ್ಮಿ ಮದ್ದು ಹಾಕಬಹುದು. ಹಾಗಾಗಿ ಒಂದು ದಿನದ ಅಳತೆ ಸಾಲದು, ಕೆಲವು ವಾರದ್ದು ಬೇಕು ಅಂತಲೂ ಅದರಲ್ಲೇ ಬರೆಯಿರಿ.

ಮಾವನ ಪಕ್ಕದ ಗುಡ್ಡಕ್ಕೆ ಈಗ ಇನ್ನೊಂದು ಕ್ವಾರಿ ಬರುತ್ತಿದೆ. ಈ ಸಲ ಸರ್ವೆಗೆ ಇಬ್ಬರು ಹುಡುಗರು ಬಂದರು. ಮನೆಯೆಲ್ಲ ಫೋಟೊ ತೆಗೆದು, ನಡುಮನೆಯ ಬಿರುಕಿಗೆ ಪಟ್ಟಿ ಹಿಡಿದು, ಕೊನೆಗೆ ಸಹಿ ಕೇಳಿದರು. ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಸೈನ್ ಹಾಕಿದ್ರೆ ಸಿಡಿಸೋಕೆ ನಾವೇ ಒಪ್ಪಿದಂಗೆ ಆಗಲ್ವಾ?" ಅಂದರು. ಆ ಸಹಿ ಮನೆಯ ಇವತ್ತಿನ ಸ್ಥಿತಿಗೆ ಮಾತ್ರ, ಗಣಿಗೆ ಒಪ್ಪಿಗೆಯಲ್ಲ ಅಂತ ಹುಡುಗರು ಹೇಳಿದರು. "ಹಂಗಾದ್ರೆ ಹಂಗೇ ಬರೀತೀನಿ" ಅಂದರು ಅತ್ತೆ. ಸಹಿಯ ಮೇಲೆ ದಪ್ಪ ಅಕ್ಷರದಲ್ಲಿ 'ಮನೆ ಈಗ ಹೀಗಿದೆ ಅಂತ ತೋರಿಸೋಕೆ ಮಾತ್ರ' ಅಂತ ಬರೆದು, ಆ ಹಾಳೆಯ ಒಂದು ಜೆರಾಕ್ಸ್ ಕೊಡುವವರೆಗೆ ಹುಡುಗರ ಪೆನ್ನು ವಾಪಸ್ ಕೊಡಲಿಲ್ಲ.